ಇಯೋಸಿನೋಫಿಲ್ ಏರಿದೆ, ಮಲದಲ್ಲಿ ಹುಳ ಇಲ್ಲ: ಎಲ್ಲಿಂದ ಹುಡುಕಬೇಕು?

ಜುಲೈ, ಆಗಸ್ಟ್ ಬಂತೆಂದರೆ ಉಡುಪಿ ಕಡೆಯ ಲ್ಯಾಬ್‌ಗಳಲ್ಲಿ ಒಂದು ಜೋಡಿ ರಿಪೋರ್ಟು ಮತ್ತೆ ಮತ್ತೆ ಎದುರಾಗುತ್ತದೆ. ರಕ್ತದ ರಿಪೋರ್ಟಿನಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಶೇಕಡಾ 14, ಪಕ್ಕದಲ್ಲಿ ದಪ್ಪಕ್ಷರದ ‘ಹೈ’. ಅದೇ ದಿನದ ಮಲ ಪರೀಕ್ಷೆಯಲ್ಲಿ ‘ಮೊಟ್ಟೆ, ಸಿಸ್ಟ್ ಕಂಡುಬಂದಿಲ್ಲ’. ಎರಡನ್ನೂ ಕೈಯಲ್ಲಿ ಹಿಡಿದು ಬಂದವರು ಕೇಳುವುದು ಒಂದೇ: ಇದರಲ್ಲಿ ಯಾವುದು ತಪ್ಪು?

ಹೆಚ್ಚಿನ ಸಲ ಎರಡೂ ಸರಿಯೇ. ಹುಳದ ವಿಚಾರದಲ್ಲಿ ರಕ್ತ ಮತ್ತು ಮಲ ಒಂದೇ ಹೊತ್ತಿಗೆ ಸುಳಿವು ಕೊಡುವುದಿಲ್ಲ. ಹುಳ ಮೈಯೊಳಗೆ ಓಡಾಡುವಾಗ ರಕ್ತದಲ್ಲಿ ಗೊತ್ತಾಗುತ್ತದೆ. ಅದು ಕರುಳಿನಲ್ಲಿ ನೆಲೆ ನಿಂತು ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಮಲದಲ್ಲಿ ಗೊತ್ತಾಗುತ್ತದೆ. ಈ ಎರಡರ ನಡುವೆ ವಾರಗಳ, ಕೆಲವೊಮ್ಮೆ ತಿಂಗಳುಗಳ ಅಂತರ ಇರುತ್ತದೆ. ಈ ಅಂತರ ಗೊತ್ತಿಲ್ಲದೆ ‘ಏನೋ ಅಲರ್ಜಿ ಇರಬೇಕು’ ಎಂದು ಸುಮ್ನೆ ಬಿಟ್ಟುಬಿಡುವವರು ತುಂಬಾ ಜನ.

ನಾನು ಲ್ಯಾಬ್‌ನಲ್ಲಿ ಸ್ಲೈಡ್ ನೋಡುವ ಕೆಲಸದವಳು. ಮದ್ದು ಬರೆಯುವುದು ಡಾಕ್ಟರ ಕೆಲಸ. ಆದರೆ ಸರಿಯಾದ ಮಾಹಿತಿ ಹಿಡಿದು ಅವರ ಹತ್ತಿರ ಹೋದರೆ ಹುಡುಕಾಟ ಎಷ್ಟೋ ಸುಲಭ. ಅದಕ್ಕಾಗಿ ಇದನ್ನು ಬರೆದಿದ್ದೇನೆ.

ಮೊದಲು ಅಂಕಿಯನ್ನು ಸರಿಯಾಗಿ ಓದಿ

ಶೇಕಡಾವಾರು ನೋಡಿ ಗಾಬರಿ ಆಗಬೇಡಿ, ಸಮಾಧಾನವನ್ನೂ ಪಡಬೇಡಿ. ನಮಗೆ ಬೇಕಾದದ್ದು ಒಟ್ಟು ಎಣಿಕೆ. ಅದನ್ನು ಅಬ್ಸಲ್ಯೂಟ್ ಇಯೋಸಿನೋಫಿಲ್ ಕೌಂಟ್, ಎಇಸಿ ಎನ್ನುತ್ತಾರೆ. ರಿಪೋರ್ಟಿನಲ್ಲಿ ಇಲ್ಲದಿದ್ದರೆ ನೀವೇ ಲೆಕ್ಕ ಹಾಕಬಹುದು. ಒಟ್ಟು ಬಿಳಿ ರಕ್ತಕಣದ ಸಂಖ್ಯೆಯನ್ನು ಇಯೋಸಿನೋಫಿಲ್ ಶೇಕಡಾವಾರಿನಿಂದ ಗುಣಿಸಿ 100ರಿಂದ ಭಾಗಿಸಿ. ಒಟ್ಟು ಕಣ 4,200 ಇದ್ದು ಇಯೋಸಿನೋಫಿಲ್ ಶೇಕಡಾ 9 ಇದ್ದರೆ ಬರುವುದು 378. ಅದು ಮಾಮೂಲಿಯೇ. ಅದೇ ಶೇಕಡಾ 9, ಒಟ್ಟು ಕಣ 11,000 ಇದ್ದರೆ 990. ಅದು ಏರಿಕೆ. ಮೈಕ್ರೋಲೀಟರಿಗೆ 500 ದಾಟಿದರೆ ಜಾಸ್ತಿ ಎಂದು ಲೆಕ್ಕ. 1,500ರವರೆಗೆ ಸಣ್ಣ ಏರಿಕೆ, 5,000ದವರೆಗೆ ಮಧ್ಯಮ, ಅದರ ಮೇಲೆ ತೀವ್ರ.

ಇನ್ನೂ ಮೂರು ಸಂಗತಿ ಈ ಅಂಕಿಯನ್ನು ಅಲ್ಲಾಡಿಸುತ್ತವೆ. ಬೆಳಿಗ್ಗೆ ಇಯೋಸಿನೋಫಿಲ್ ಕಡಿಮೆ ಇರುತ್ತದೆ, ರಾತ್ರಿ ಜಾಸ್ತಿ. ಹಾಗಾಗಿ ಎರಡು ರಿಪೋರ್ಟು ಹೋಲಿಸುವಾಗ ರಕ್ತ ಕೊಟ್ಟ ಹೊತ್ತನ್ನೂ ನೋಡಿ. ಎರಡನೆಯದು, ಟೈಫಾಯಿಡ್‌ನಂಥ ಜೋರಾದ ಬ್ಯಾಕ್ಟೀರಿಯಾ ಸೋಂಕಿನ ಜ್ವರದಲ್ಲಿ ಇಯೋಸಿನೋಫಿಲ್ ಪೂರ್ತಿ ಇಳಿದುಬಿಡುತ್ತದೆ. ಹೊಟ್ಟೆಯಲ್ಲಿ ಹುಳ ಇದ್ದರೂ ಆ ವಾರ ಅಂಕಿ ಸೊನ್ನೆ ತೋರಿಸಬಹುದು. ಮೂರನೆಯದು ಸ್ಟೀರಾಯ್ಡ್. ಕೆಮ್ಮಿಗೆ, ಕೀಲುನೋವಿಗೆ, ತುರಿಕೆಗೆ ಪ್ರೆಡ್ನಿಸೋಲೋನ್ ನುಂಗಿದ್ದರೆ ಕೆಲವೇ ಗಂಟೆಗಳಲ್ಲಿ ಇಯೋಸಿನೋಫಿಲ್ ಕುಸಿಯುತ್ತದೆ. ಕಾಯಿಲೆ ಅಲ್ಲೇ ಇರುತ್ತದೆ, ಸುಳಿವು ಮಾತ್ರ ಅಳಿಸಿಹೋಗುತ್ತದೆ. ಇದರ ಬಗ್ಗೆ ಮುಂದೆ ಇನ್ನೂ ಹೇಳುವುದಿದೆ.

ಒಳಗೆ ನಡೆಯುವುದು ಏನು

ಬ್ಯಾಕ್ಟೀರಿಯಾ ಬಂದರೆ ನ್ಯೂಟ್ರೋಫಿಲ್ ಎಂಬ ಬಿಳಿ ಕಣ ಅದನ್ನು ನುಂಗಿ ಕೊಲ್ಲುತ್ತದೆ. ಹುಳವನ್ನು ನುಂಗಲು ಆಗುವುದಿಲ್ಲ. ದುಂಡುಹುಳ ಒಂದು ಅಡಿ ಉದ್ದಕ್ಕೂ ಬೆಳೆಯಬಹುದು. ಅದರ ಮುಂದೆ ಒಂದು ಕಣ ಎಷ್ಟರದ್ದು? ಅದಕ್ಕೇ ದೇಹಕ್ಕೆ ಹುಳಗಳಿಗೆಂದೇ ಬೇರೆ ದಾರಿ ಉಂಟು.

ಶುರುವಾಗುವುದು ಕರುಳಿನ ಒಳಪದರದಲ್ಲಿ. ಅಲ್ಲಿ ಟಫ್ಟ್ ಕೋಶಗಳೆಂಬ ವಿರಳ ಕೋಶಗಳಿವೆ. ಇವು ಏನು ಮಾಡುತ್ತವೆ ಎಂದು ಬಹಳ ಕಾಲ ಯಾರಿಗೂ ಸ್ಪಷ್ಟ ಇರಲಿಲ್ಲ. ಹುಳ ಬಂದದ್ದನ್ನು ಗುರುತಿಸಿ ಐಎಲ್-25 ಎಂಬ ಸಂದೇಶ ಕಳಿಸುವುದು ಇವೇ ಎಂದು 2016ರಲ್ಲಿ ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿದವು. ಆ ಸಂದೇಶ ಸಿಕ್ಕ ಕೋಶಗಳು ಐಎಲ್-13, ಐಎಲ್-5 ಎಂಬ ಬೇರೆ ಸಂದೇಶಗಳನ್ನು ಬಿಡುಗಡೆ ಮಾಡುತ್ತವೆ. ಟಿ ಕೋಶಗಳೆಂಬ ಬಿಳಿ ಕಣಗಳೂ ಕೈಜೋಡಿಸುತ್ತವೆ, ಐಎಲ್-4 ಸೇರುತ್ತದೆ.

ಇಲ್ಲಿಂದ ಒಂದೊಂದು ಸಂದೇಶಕ್ಕೂ ಒಂದೊಂದು ಕೆಲಸ. ಐಎಲ್-13 ಬಂದರೆ ಕರುಳಿನಲ್ಲಿ ಲೋಳೆ ಜಾಸ್ತಿ ಸುರಿಯುತ್ತದೆ, ಕರುಳಿನ ಸ್ನಾಯು ಜೋರಾಗಿ ಹಿಂಡುತ್ತದೆ. ಹುಳಕ್ಕೆ ಗೋಡೆ ಹಿಡಿದು ನಿಲ್ಲಲು ಬಿಡದೆ ಹೊರಗೆ ದೂಡುವ ಪ್ರಯತ್ನ ಅದು. ಐಎಲ್-4 ಬಂದರೆ ಐಜಿಇ ಎಂಬ ಪ್ರತಿಕಾಯ (ಆಂಟಿಬಾಡಿ) ತಯಾರಾಗುತ್ತದೆ. ಅಲರ್ಜಿಯಲ್ಲೂ ಏರುವುದು ಇದೇ ಐಜಿಇ. ಹಾಗಾಗಿ ಹುಳದ ಸೋಂಕು ಮತ್ತು ಅಲರ್ಜಿ ಹೊರಗಿನಿಂದ ಒಂದೇ ಥರ ಕಾಣುತ್ತವೆ: ತುರಿಕೆ, ದದ್ದು, ಉಬ್ಬಸ. ಐಎಲ್-5 ನೇರ ಎಲುಬಿನ ಮಜ್ಜೆಗೆ ಹೋಗಿ ಇಯೋಸಿನೋಫಿಲ್‌ಗಳನ್ನು ತಯಾರು ಮಾಡಿಸುತ್ತದೆ. ಅವು ರಕ್ತದಲ್ಲಿ ಇರುವುದು ಕೆಲವು ಗಂಟೆ ಮಾತ್ರ. ಆಮೇಲೆ ಅಂಗಾಂಶಗಳಿಗೆ ಇಳಿಯುತ್ತವೆ. ರಿಪೋರ್ಟಿನಲ್ಲಿ ಕಾಣುವುದು ದಾರಿಯಲ್ಲಿ ಸಿಕ್ಕ ಸಣ್ಣ ಪಾಲು.

ಲೀಷ್‌ಮನ್ ಬಣ್ಣ ಹಾಕಿದ ಸ್ಲೈಡಿನಲ್ಲಿ ಇಯೋಸಿನೋಫಿಲ್ ನೋಡಲು ನನಗೆ ಇವತ್ತಿಗೂ ಇಷ್ಟ. ನಡುವೆ ಎರಡು ಹಾಲೆಯ ನೇರಳೆ ನ್ಯೂಕ್ಲಿಯಸ್, ಕನ್ನಡಕದ ಎರಡು ಗಾಜಿನ ಹಾಗೆ. ಸುತ್ತ ಕಿತ್ತಳೆ ಕೆಂಪು ಬಣ್ಣದ ದಪ್ಪ ಕಾಳುಗಳು ಒತ್ತೊತ್ತಾಗಿ ತುಂಬಿರುತ್ತವೆ. ಇಯೋಸಿನ್ ಎಂಬ ಬಣ್ಣವನ್ನು ಹೀರುವುದರಿಂದಲೇ ಜರ್ಮನ್ ವಿಜ್ಞಾನಿ ಪೌಲ್ ಎರ್ಲಿಕ್ 1879ರಲ್ಲಿ ಇದಕ್ಕೆ ಈ ಹೆಸರು ಕೊಟ್ಟದ್ದು. ಆ ಕಾಳುಗಳಲ್ಲಿ ವಿಷದಂಥ ಪ್ರೋಟೀನುಗಳಿವೆ. ಅಂಗಾಂಶದಲ್ಲಿ ಸಾಗುವ ಮರಿಹುಳಕ್ಕೆ ಪ್ರತಿಕಾಯ ಅಂಟಿದಾಗ ಇಯೋಸಿನೋಫಿಲ್‌ಗಳು ಅದಕ್ಕೆ ಮುತ್ತಿ ಈ ಪ್ರೋಟೀನುಗಳನ್ನು ಅದರ ಮೇಲೆ ಸುರಿಯುತ್ತವೆ. ಸುತ್ತಲಿನ ನಮ್ಮದೇ ಅಂಗಾಂಶಕ್ಕೂ ಇದರಿಂದ ಗಾಯ ಆಗುತ್ತದೆ. ತಿಂಗಳುಗಟ್ಟಲೆ ಎತ್ತರದಲ್ಲೇ ಇರುವ ಎಣಿಕೆಯನ್ನು ‘ಇರಲಿ ಬಿಡಿ’ ಎನ್ನಬಾರದು ಎನ್ನುವುದು ಇದಕ್ಕೇ.

ಕರುಳಿನ ಪೊಳ್ಳಿನಲ್ಲಿ ನೆಲೆ ನಿಂತ ದೊಡ್ಡ ಹುಳದ ಕತೆ ಬೇರೆ. ಅದು ಅಂಗಾಂಶದ ಹೊರಗೆ ಇದೆ. ಅಲ್ಲದೆ ಹುಳಗಳು ನಮ್ಮ ರೋಗನಿರೋಧಕ ಶಕ್ತಿಯನ್ನು ತಣ್ಣಗೆ ಮಾಡುವ ಪದಾರ್ಥಗಳನ್ನು ತಾವೇ ಸ್ರವಿಸುತ್ತವೆ. ನಮ್ಮ ದೇಹದ ನಿಯಂತ್ರಕ ಟಿ ಕೋಶಗಳೂ ಐಎಲ್-10 ಮೂಲಕ ಗಲಾಟೆ ಇಳಿಸುತ್ತವೆ. ಹಾಗಾಗಿ ಹುಳ ಹೊಟ್ಟೆಯಲ್ಲೇ ಇದ್ದರೂ ಅಂಕಿ ಕೆಳಗೆ ಬರುತ್ತದೆ. ಚಿಕ್ಕಂದಿನಿಂದ ಇಲ್ಲಿಯ ಮಣ್ಣಿನಲ್ಲೇ ಕೆಲಸ ಮಾಡಿದವರಲ್ಲಿ ಏರಿಕೆ ಸಣ್ಣದಿರಬಹುದು. ಬೇರೆ ಕಡೆ ಬೆಳೆದು ಮೊದಲ ಸಲ ಸೋಂಕು ತಗುಲಿದವರಲ್ಲಿ ಅದೇ ಹುಳಕ್ಕೆ ದೇಹ ಜೋರಾಗಿ ಪ್ರತಿಕ್ರಿಯಿಸುತ್ತದೆ. ರಜೆಗೆ ಮುಂಬೈಯಿಂದಲೋ ದುಬೈಯಿಂದಲೋ ಬಂದ ಮಗನ ಎಣಿಕೆ ತೋಟದಲ್ಲೇ ಇರುವ ಅಪ್ಪನದಕ್ಕಿಂತ ಜಾಸ್ತಿ ಬಂದರೆ ಆಶ್ಚರ್ಯ ಬೇಡ.

ಎಲ್ಲಿ, ಯಾವಾಗ ತಗುಲಿತು ಎಂದು ಹಿಂದಕ್ಕೆ ಲೆಕ್ಕ ಹಾಕಿ

ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಮುಖ್ಯ ಹಂತ ಇದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಕ್ಯಾಲೆಂಡರ್ ಹಿಡಿದು ಕೂತರೆ ಸಾಕು.

ಕೊಕ್ಕೆಹುಳದ ಮರಿ ಚರ್ಮದ ಮೂಲಕ ಒಳಗೆ ಬರುತ್ತದೆ. ಅದಕ್ಕೆ ಬೇಕಾದದ್ದು ಬೆಚ್ಚಗಿನ, ಒದ್ದೆಯಾದ, ನೆರಳಿರುವ, ಮನುಷ್ಯರ ಮಲ ಬಿದ್ದ ಮಣ್ಣು. ನಮ್ಮ ಮಳೆಗಾಲದ ಅಡಿಕೆ ತೋಟದಲ್ಲಿ ಈ ಮೊದಲ ಮೂರು ಯಾವಾಗಲೂ ಇರುತ್ತವೆ. ಶೌಚಾಲಯ ಬಂದ ಮೇಲೆ ನಾಲ್ಕನೆಯದು ಕಡಿಮೆಯಾಗಿದೆ, ಎಲ್ಲ ಕಡೆ ಇಲ್ಲವಾಗಿಲ್ಲ. ಮರಿ ಹೊಕ್ಕ ಜಾಗ, ಹೆಚ್ಚಾಗಿ ಕಾಲ್ಬೆರಳ ಸಂದು, ತುರಿಸುತ್ತದೆ. ಇದನ್ನು ಕೆಸರು ಹುಣ್ಣು ಅಂದುಕೊಳ್ಳುವವರೇ ಜಾಸ್ತಿ. ಹೆಚ್ಚಿನ ಕೆಸರು ಹುಣ್ಣು ಶಿಲೀಂಧ್ರದ್ದು, ಕಾಲು ಒದ್ದೆ ಇರುವಷ್ಟು ದಿನ ಕಾಡುತ್ತದೆ. ಕೊಕ್ಕೆಹುಳದ ತುರಿಕೆ ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಅಷ್ಟರಲ್ಲಿ ಮರಿ ರಕ್ತದ ಮೂಲಕ ಶ್ವಾಸಕೋಶ ಸೇರಿ, ಗಂಟಲಿಗೆ ಹತ್ತಿ, ನುಂಗಿದಾಗ ಕರುಳಿಗೆ ಬಂದಿರುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೇಸಾಯದ ನಾಟಿಗೆಂದು ಒಬ್ಬರು ಜೂನ್ ಕೊನೆಯಲ್ಲಿ ಬೆಂಗಳೂರಿನಿಂದ ಬ್ರಹ್ಮಾವರದ ಮನೆಗೆ ಬಂದರು. ಎರಡು ದಿನ ಬರಿಗಾಲಿನಲ್ಲಿ ತೋಟ, ಗದ್ದೆ ಸುತ್ತಿದರು. ಕಾಲು ತುರಿಸಿತು, ಹೋಯಿತು. ಜುಲೈ ಮಧ್ಯದಲ್ಲಿ ಒಣ ಕೆಮ್ಮು. ಜುಲೈ ಕೊನೆಯಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ರಕ್ತ ಪರೀಕ್ಷೆಯಲ್ಲಿ ಎಇಸಿ 2,000 ದಾಟಿದೆ, ಮಲದಲ್ಲಿ ಏನೂ ಇಲ್ಲ. ಇರಲು ಸಾಧ್ಯವೂ ಇಲ್ಲ. ಕೊಕ್ಕೆಹುಳ ಮೊಟ್ಟೆ ಇಡಲು ಸಾಮಾನ್ಯವಾಗಿ 5ರಿಂದ 8 ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಮಲ ಪರೀಕ್ಷೆಯನ್ನು ಆಗಸ್ಟ್ ಕೊನೆಯಲ್ಲಿ ಮತ್ತೆ ಮಾಡಿಸಬೇಕು.

ದುಂಡುಹುಳದ ದಾರಿ ಬಾಯಿ. ಮಣ್ಣಿನಲ್ಲಿರುವ ಮೊಟ್ಟೆ ಸರಿಯಾಗಿ ತೊಳೆಯದ ಸೊಪ್ಪಿನಲ್ಲೋ ಮಕ್ಕಳ ಕೈಯಲ್ಲೋ ಹೊಟ್ಟೆಗೆ ಹೋಗುತ್ತದೆ. ಮರಿ ಲಿವರ್ ದಾಟಿ ಶ್ವಾಸಕೋಶಕ್ಕೆ ಬರುತ್ತದೆ. ಒಂದೆರಡು ವಾರದಲ್ಲಿ ಕೆಮ್ಮು, ಉಬ್ಬಸ, ಎಕ್ಸ್‌ರೇಯಲ್ಲಿ ಜಾಗ ಬದಲಿಸುವ ಮಸುಕು ಕಾಣಬಹುದು. 1932ರಲ್ಲಿ ಜ್ಯೂರಿಕ್‌ನ ವೈದ್ಯ ವಿಲ್ಹೆಲ್ಮ್ ಲೋಫ್ಲರ್ ವಿವರಿಸಿದ್ದರಿಂದ ಇದಕ್ಕೆ ಲೋಫ್ಲರ್ ಸಿಂಡ್ರೋಮ್ ಎಂದು ಅವರದೇ ಹೆಸರು. ಮಲದಲ್ಲಿ ಮೊಟ್ಟೆ ಕಾಣುವುದು 2ರಿಂದ 3 ತಿಂಗಳ ಮೇಲೆ. ಆಮೇಲೆ ಮಾತ್ರ ಹುಡುಕುವುದು ಸುಲಭ, ಒಂದು ಹೆಣ್ಣು ಹುಳ ದಿನಕ್ಕೆ 2 ಲಕ್ಷದಷ್ಟು ಮೊಟ್ಟೆ ಇಡುತ್ತದೆ. ಆ ಹೊತ್ತಿಗೆ ಇಯೋಸಿನೋಫಿಲ್ ಇಳಿದಿರುತ್ತದೆ.

ಮಲ ಕೊಡುವ ಕ್ರಮ ಸರಿ ಮಾಡಿ

ಒಂದೇ ಸ್ಯಾಂಪಲ್ ಸಾಲದು. ಮೊಟ್ಟೆ ಬೀಳುವುದು ದಿನದಿನಕ್ಕೆ ಏರುಪೇರು. ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ಕೊಡಿ. ‘ಕಾನ್ಸೆಂಟ್ರೇಶನ್ ಮಾಡಿ ನೋಡ್ತೀರಾ’ ಎಂದು ಲ್ಯಾಬ್‌ನಲ್ಲಿ ಕೇಳಿ. ಒಂದು ಹನಿ ನೋಡುವುದಕ್ಕೂ ಫಾರ್ಮಾಲಿನ್, ಈಥರ್ ಹಾಕಿ ತಿರುಗಿಸಿ ತಳದಲ್ಲಿ ಕೂತದ್ದನ್ನು ನೋಡುವುದಕ್ಕೂ ತುಂಬಾ ವ್ಯತ್ಯಾಸ ಉಂಟು. ಡಬ್ಬಿಗೆ ಮೂತ್ರ, ಬಾವಿ ನೀರು, ಮಣ್ಣು ಸೇರಬಾರದು. ನೀರಿನಲ್ಲಿ, ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಹುಳಗಳಿವೆ, ಅವು ಸೇರಿದರೆ ಗೊಂದಲ.

ತಡವನ್ನಂತೂ ಮಾಡಬೇಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಳಿಗ್ಗೆ ತೆಗೆದ ಮಲ ನಮ್ಮ ಸೆಖೆಯಲ್ಲಿ ಮರುದಿನದವರೆಗೆ ಡಬ್ಬಿಯಲ್ಲೇ ಕೂತರೆ ಕೊಕ್ಕೆಹುಳದ ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ಆಗ ಸ್ಲೈಡಿನಲ್ಲಿ ಮೊಟ್ಟೆಯ ಬದಲು ಓಡಾಡುವ ಮರಿ ಕಾಣುತ್ತದೆ. ತಾಜಾ ಮಲದಲ್ಲಿ ಮರಿ ಕಂಡರೆ ಅದು ಸ್ಟ್ರಾಂಜಿಲಾಯ್ಡಿಸ್ ಎಂಬ ಬೇರೆಯೇ ಹುಳ, ಚಿಕಿತ್ಸೆಯೂ ಬೇರೆ. ಎರಡನ್ನೂ ಬೇರೆ ಮಾಡಲು ಮರಿಯ ಬಾಯಿಯನ್ನು ನೋಡಬೇಕು. ಕೊಕ್ಕೆಹುಳದ ಮರಿಯದು ಉದ್ದ ಬಾಯಿಕುಳಿ, ಸ್ಟ್ರಾಂಜಿಲಾಯ್ಡಿಸ್‌ನದು ತೀರಾ ಗಿಡ್ಡ. ಸ್ಟ್ರಾಂಜಿಲಾಯ್ಡಿಸ್ ಮರಿಯ ನಡು ಹೊಟ್ಟೆಯಲ್ಲಿ ಜನನಾಂಗದ ಮೊಳಕೆ ದೊಡ್ಡದಾಗಿ ಎದ್ದು ಕಾಣುತ್ತದೆ. ಒಂದು ಹನಿ ಅಯೋಡಿನ್ ಹಾಕಿ, ಮರಿಯ ಓಡಾಟ ನಿಲ್ಲಿಸಿ, ತಾಳ್ಮೆಯಿಂದ ಫೋಕಸ್ ತಿರುಗಿಸಿದರೆ ಇಷ್ಟೂ ಕಾಣುತ್ತದೆ. ಸ್ಯಾಂಪಲ್ ಬೇಗ ತಂದುಕೊಟ್ಟರೆ ಈ ಕಷ್ಟವೇ ಇಲ್ಲ. ದೂರದಿಂದ ತರುವುದಾದರೆ ಫಾರ್ಮಾಲಿನ್ ಹಾಕಿದ ಡಬ್ಬಿ ಮೊದಲೇ ಕೇಳಿ ಪಡೆಯಿರಿ.

ಮಕ್ಕಳಿಗೆ ರಾತ್ರಿ ಗುದದ ಸುತ್ತ ತುರಿಕೆ ಇದ್ದರೆ ಅದು ಸೂಜಿಹುಳ ಇರಬಹುದು. ಅದಕ್ಕೆ ಬೆಳಿಗ್ಗೆ ಎದ್ದ ಕೂಡಲೇ, ತೊಳೆಯುವ ಮೊದಲು, ಪಾರದರ್ಶಕ ಟೇಪು ಒತ್ತಿ ಸ್ಲೈಡಿಗೆ ಅಂಟಿಸಿ ನೋಡಬೇಕು. ಮಲದಲ್ಲಿ ಸಿಗುವುದು ಅಪರೂಪ. ಇಯೋಸಿನೋಫಿಲ್ ಕೂಡ ಹೆಚ್ಚೇನೂ ಏರುವುದಿಲ್ಲ.

ಸ್ಟೀರಾಯ್ಡ್ ಶುರು ಮಾಡುವ ಮೊದಲು

ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಹೆಚ್ಚಿನ ಹುಳಗಳು ಒಬ್ಬರ ಮೈಯೊಳಗೇ ಸಂಖ್ಯೆ ಹೆಚ್ಚಿಸಿಕೊಳ್ಳುವುದಿಲ್ಲ. ಮೊಟ್ಟೆ ಹೊರಗೆ ಹೋಗಿ ಮಣ್ಣಿನಲ್ಲಿ ಬೆಳೆಯಲೇಬೇಕು. ಸ್ಟ್ರಾಂಜಿಲಾಯ್ಡಿಸ್ ಹಾಗಲ್ಲ. ಅದರ ಕೆಲವು ಮರಿಗಳು ಕರುಳಿನಲ್ಲೇ ಬೆಳೆದು, ಕರುಳಿನ ಗೋಡೆಯನ್ನೋ ಗುದದ ಸುತ್ತಲ ಚರ್ಮವನ್ನೋ ತೂರಿ ಮತ್ತೆ ಅದೇ ಮನುಷ್ಯನ ಒಳಗೆ ಸುತ್ತು ಹಾಕುತ್ತವೆ. ಹಾಗಾಗಿ ಸೋಂಕು ದಶಕಗಟ್ಟಲೆ ಉಳಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರೈಲ್ವೆಯಲ್ಲಿ ದುಡಿದ ಯುದ್ಧಕೈದಿಗಳಲ್ಲಿ 30 ವರ್ಷ ಕಳೆದ ಮೇಲೂ ಈ ಹುಳ ಸಿಕ್ಕಿದೆ. ಇಪ್ಪತ್ತು ವರ್ಷದ ಹಿಂದೆ ಗದ್ದೆ ಬಿಟ್ಟು ಮಂಗಳೂರಿನ ಫ್ಲ್ಯಾಟ್ ಸೇರಿದವರೂ ‘ನಮಗೆಲ್ಲಿಯ ಹುಳ’ ಎನ್ನುವ ಹಾಗಿಲ್ಲ.

ಇಷ್ಟು ವರ್ಷ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದು ಮೇಲೆ ಹೇಳಿದ ಅದೇ ರೋಗನಿರೋಧಕ ವ್ಯವಸ್ಥೆ. ಜೋರು ಸ್ಟೀರಾಯ್ಡ್ ಕೊಟ್ಟರೆ ಅದು ಮಂಕಾಗುತ್ತದೆ. ಮರಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿ ಶ್ವಾಸಕೋಶಕ್ಕೆ, ಕೆಲವೊಮ್ಮೆ ಮೆದುಳಿಗೂ ಹೋಗುತ್ತವೆ. ಹೋಗುವಾಗ ಕರುಳಿನ ಬ್ಯಾಕ್ಟೀರಿಯಾವನ್ನೂ ರಕ್ತಕ್ಕೆ ಒಯ್ಯುತ್ತವೆ. ಚಿಕಿತ್ಸೆ ತಡವಾದರೆ ಇದರಲ್ಲಿ ಬದುಕುಳಿಯುವುದು ಕಷ್ಟ. ಆ ಹಂತದಲ್ಲಿ ಇಯೋಸಿನೋಫಿಲ್ ಮಾಮೂಲಿ ಅಥವಾ ಸೊನ್ನೆ ಇರುವುದೇ ಹೆಚ್ಚು. ಅಂಕಿ ಚೆನ್ನಾಗಿದೆ ಎಂದು ನಂಬಿ ಕೂತರೆ ಮೋಸ ಹೋಗುತ್ತೇವೆ.

ಹಾಗಾದರೆ ಮೊದಲೇ ಗುರುತಿಸುವುದು ಹೇಗೆ? ಸುಳಿವುಗಳು ಹೀಗಿರುತ್ತವೆ: ಹಲವು ವರ್ಷಗಳಿಂದ ಬಂದುಹೋಗುವ ಹೊಟ್ಟೆನೋವು, ಕಾರಣ ಸಿಗದ ಇಯೋಸಿನೋಫಿಲ್ ಏರಿಕೆ, ಪೃಷ್ಠ, ತೊಡೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಗೆರೆ ಎದ್ದು ಕಣ್ಣೆದುರೇ ಮುಂದೆ ಸಾಗುವುದು. ಆ ಗೆರೆ ಗಂಟೆಗೆ 5ರಿಂದ 10 ಸೆಂಟಿಮೀಟರ್ ಸರಿಯುತ್ತದೆ, ಕೆಲವು ಗಂಟೆಗಳಲ್ಲಿ ಮಾಯವಾಗುತ್ತದೆ. ಡಾಕ್ಟರ ಎದುರು ಹೋಗುವಾಗ ಇರುವುದಿಲ್ಲ, ಹಾಗಾಗಿ ಕಂಡಾಗಲೇ ಫೋನಿನಲ್ಲಿ ಫೋಟೋ ತೆಗೆದಿಡಿ. ಮಾಮೂಲಿ ಮಲ ಪರೀಕ್ಷೆ ಒಂದೇ ಸಲ ಮಾಡಿದರೆ ಈ ಹುಳ ತಪ್ಪಿಹೋಗುವುದೇ ಹೆಚ್ಚು. ಅಗರ್ ತಟ್ಟೆಯಲ್ಲಿ ಬೆಳೆಸುವ ಪರೀಕ್ಷೆ, ರಕ್ತದ ಪ್ರತಿಕಾಯ ಪರೀಕ್ಷೆ, ಹುಳದ ಡಿಎನ್ಎ ಹುಡುಕುವ ಪಿಸಿಆರ್ ಉಂಟು. ದೊಡ್ಡ ಆಸ್ಪತ್ರೆಗಳ ಮೈಕ್ರೋಬಯಾಲಜಿ ವಿಭಾಗದಲ್ಲಿ ಕೇಳಬೇಕು.

ಆಸ್ತಮಾ, ಸಂಧಿವಾತ, ಕಿಡ್ನಿ ಕಾಯಿಲೆ, ಕ್ಯಾನ್ಸರ್, ಅಂಗ ಕಸಿ, ಯಾವುದಕ್ಕೇ ಆಗಲಿ ವಾರಗಟ್ಟಲೆ ಸ್ಟೀರಾಯ್ಡ್ ಬರೆದುಕೊಟ್ಟರೆ ಒಂದು ಮಾತು ಕೇಳಿ: ‘ನಾನು ಗದ್ದೆ, ತೋಟದಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡಿದವನು. ಸ್ಟ್ರಾಂಜಿಲಾಯ್ಡಿಸ್ ಪರೀಕ್ಷೆ ಬೇಕಾ?’ ಸ್ಟೀರಾಯ್ಡ್ ತುರ್ತಾಗಿ ಬೇಕಿದ್ದರೆ ಪರೀಕ್ಷೆಯ ಉತ್ತರಕ್ಕೆ ಕಾಯದೆ ಐವರ್ಮೆಕ್ಟಿನ್ ಎಂಬ ಹುಳದ ಮದ್ದು ಕೊಡುವ ಕ್ರಮವೂ ಇದೆ. ಅದನ್ನು ನಿರ್ಧರಿಸುವುದು ಡಾಕ್ಟರು. ಈಗಾಗಲೇ ಸ್ಟೀರಾಯ್ಡ್ ನಡೆಯುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಅದರಿಂದ ಬೇರೆ ಅಪಾಯ. ಸ್ಟೀರಾಯ್ಡ್ ತಗೊಳ್ಳುವವರಿಗೆ ಜ್ವರ, ಏದುಸಿರು, ಹೊಟ್ಟೆ ಉಬ್ಬರ, ವಾಂತಿ, ಗೊಂದಲ ಕಂಡರೆ ಅದೇ ದಿನ ಆಸ್ಪತ್ರೆ.

ಮಲದಲ್ಲಿ ಎಂದೂ ಕಾಣದ ಕಾರಣಗಳು

ನಾಯಿ, ಬೆಕ್ಕಿನ ದುಂಡುಹುಳ ಟಾಕ್ಸೊಕಾರ. ಅಂಗಳದ ಮಣ್ಣು ಬಾಯಿಗೆ ಹಾಕುವ ಮಕ್ಕಳಿಗೆ ತಗುಲುತ್ತದೆ. ಮನುಷ್ಯರಲ್ಲಿ ಅದು ದೊಡ್ಡದಾಗುವುದೇ ಇಲ್ಲ, ಮರಿಯಾಗಿಯೇ ಲಿವರ್, ಶ್ವಾಸಕೋಶ, ಕಣ್ಣಿನಲ್ಲಿ ಅಲೆಯುತ್ತದೆ. ಎಣಿಕೆ ತುಂಬಾ ಏರುತ್ತದೆ. ಮಲ ಎಷ್ಟು ಸಲ ನೋಡಿದರೂ ಏನೂ ಇರುವುದಿಲ್ಲ. ಇದಕ್ಕೆ ರಕ್ತದ ಪ್ರತಿಕಾಯ ಪರೀಕ್ಷೆಯೇ ಬೇಕು.

ನಮ್ಮ ಕರಾವಳಿಗೆ ಇನ್ನೊಂದು ಮುಖ್ಯ: ಆನೆಕಾಲು ರೋಗದ ಫೈಲೇರಿಯಾ. ಕರುಳಿಗೂ ಇದಕ್ಕೂ ಸಂಬಂಧ ಇಲ್ಲ, ಕ್ಯೂಲೆಕ್ಸ್ ಸೊಳ್ಳೆಯಿಂದ ಬರುತ್ತದೆ. ಕೆಲವರಲ್ಲಿ ಕಾಲು ಊದುವುದಿಲ್ಲ. ಬದಲಿಗೆ ರಾತ್ರಿಯಾದರೆ ಬಿಡದ ಕೆಮ್ಮು, ಉಬ್ಬಸ, ತೂಕ ಇಳಿಕೆ. ಎಇಸಿ ಸಾಮಾನ್ಯವಾಗಿ 3,000 ದಾಟಿರುತ್ತದೆ, ಐಜಿಇ ಕೂಡ ತುಂಬಾ ಏರಿರುತ್ತದೆ. ಇದನ್ನು ಟ್ರಾಪಿಕಲ್ ಇಯೋಸಿನೋಫಿಲಿಯಾ ಎನ್ನುತ್ತಾರೆ. ರಕ್ತದಲ್ಲಿ ಮರಿ ಸಿಗುವುದಿಲ್ಲ, ಶ್ವಾಸಕೋಶದಲ್ಲೇ ಸಿಕ್ಕಿಬಿದ್ದು ನಾಶವಾಗುತ್ತದೆ. ಆಸ್ತಮಾ ಎಂದು ಇನ್‌ಹೇಲರ್ ಹಿಡಿದು ವರ್ಷ ಕಳೆದವರು ಹಳೆಯ ರಕ್ತದ ರಿಪೋರ್ಟು ತೆಗೆದು ಈ ಅಂಕಿ ಒಮ್ಮೆ ನೋಡಿ. ಡಿಇಸಿ ಎಂಬ ಮಾತ್ರೆಗೆ ಇದು ಚೆನ್ನಾಗಿ ಬಗ್ಗುತ್ತದೆ.

ಹುಳವೇ ಅಲ್ಲದ ಕಾರಣಗಳೂ ಉಂಟು. ಆಸ್ತಮಾ, ಮೂಗಿನ ಅಲರ್ಜಿ, ಎಗ್ಸಿಮಾದಲ್ಲಿ ಏರಿಕೆ ಸಾಮಾನ್ಯವಾಗಿ ಸಣ್ಣದು. ಹೊಸ ಮದ್ದು ಶುರು ಮಾಡಿದ ಕೆಲವು ವಾರಗಳಲ್ಲಿ ಜ್ವರ, ಮೈತುಂಬ ದದ್ದು, ಮುಖ ಊತ ಬಂದರೆ ಅದು ಮದ್ದಿನ ಪ್ರತಿಕ್ರಿಯೆ ಇರಬಹುದು. ಫಿಟ್ಸ್‌ನ ಮಾತ್ರೆಗಳು, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್ ಇದಕ್ಕೆ ಹೆಸರಾದವು. ಇದೂ ತುರ್ತು.

ಇನ್ನು ಅಮೀಬಾ, ಜಿಯಾರ್ಡಿಯಾ. ಇವು ಕರುಳಿನ ಪರಾವಲಂಬಿಗಳೇ, ಆದರೆ ಹುಳಗಳಲ್ಲ, ಒಂದೇ ಕೋಶದ ಜೀವಿಗಳು. ಇವಕ್ಕೆ ದೇಹದ ಉತ್ತರವೇ ಬೇರೆ, ಇಯೋಸಿನೋಫಿಲ್ ಏರುವುದಿಲ್ಲ. ರಿಪೋರ್ಟಿನಲ್ಲಿ ಜಿಯಾರ್ಡಿಯಾ ಸಿಕ್ಕಿ ಇಯೋಸಿನೋಫಿಲ್ 1,800 ಇದ್ದರೆ ಹುಡುಕಾಟ ಮುಗಿದಿಲ್ಲ ಎಂದರ್ಥ. ಜಿಯಾರ್ಡಿಯಾಕ್ಕೆ ಮದ್ದು ತಗೊಳ್ಳಿ, ಇನ್ನೊಂದನ್ನು ಹುಡುಕುತ್ತಾ ಇರಿ.

ಇದರ ಉಲ್ಟಾ: ಅಂಕಿ ಮಾಮೂಲಿ, ಆದರೆ ಸುಸ್ತು

ಇಯೋಸಿನೋಫಿಲ್ 350, ಹಿಮೋಗ್ಲೋಬಿನ್ 7. ಮುಖ ಬಿಳಿಚಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಹಳೆಯ ಕೊಕ್ಕೆಹುಳದಲ್ಲಿ ಹೀಗಾಗಬಹುದು. ನೆಕೇಟರ್ ಎಂಬ ಜಾತಿಯ ಒಂದು ಹುಳ ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ಕಳೆಯುತ್ತದೆ. ಕಡಿಮೆ ಎನಿಸುತ್ತದೆ ಅಲ್ವಾ? ನೂರು ಹುಳ ಇದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90. ಆನ್‌ಕೈಲೋಸ್ಟೋಮಾ ಜಾತಿಯದಾದರೆ ಇದರ ಐದಾರು ಪಟ್ಟು. ಮುಟ್ಟು, ಹೆರಿಗೆ, ಕಡಿಮೆ ಊಟ ಇವೂ ಸೇರಿದ ಹೆಂಗಸರಲ್ಲಿ ಕಬ್ಬಿಣದ ಮಾತ್ರೆ ಮಾತ್ರ ಕೊಟ್ಟು ಹುಳ ಬಿಟ್ಟರೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

‘ಹುಳದ ಮದ್ದು ತಗೊಂಡಾಯ್ತಲ್ಲ?’

1ರಿಂದ 19 ವರ್ಷದ ಮಕ್ಕಳಿಗೆ ಫೆಬ್ರುವರಿ 10, ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದಲ್ಲಿ ಕೊಡುವ ಅಲ್ಬೆಂಡಜೋಲ್ ಒಳ್ಳೆಯ ಕೆಲಸ ಮಾಡುತ್ತದೆ, ತಪ್ಪದೆ ಕೊಡಿಸಿ. ಆದರೆ ಒಂದು ಮಾತ್ರೆ ಎಲ್ಲದಕ್ಕೂ ಉತ್ತರ ಅಲ್ಲ. ದುಂಡುಹುಳಕ್ಕೆ ಚೆನ್ನಾಗಿ ನಾಟುತ್ತದೆ, ಕೊಕ್ಕೆಹುಳಕ್ಕೂ ಪರವಾಗಿಲ್ಲ, ಚಾಟಿಹುಳಕ್ಕೆ ಕಡಿಮೆ, ಸ್ಟ್ರಾಂಜಿಲಾಯ್ಡಿಸ್‌ಗೆ ಸಾಲದು. ಶ್ವಾಸಕೋಶದಲ್ಲಿ ಇನ್ನೂ ಸಾಗುತ್ತಿರುವ ಮರಿಗಳನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಬೇಗ ತಗೊಂಡವರಿಗೆ ಡಾಕ್ಟರು ಕೆಲವು ವಾರ ಬಿಟ್ಟು ಮತ್ತೊಮ್ಮೆ ಕೊಡುವುದು ಅದಕ್ಕೇ. ಗರ್ಭಿಣಿಯರು ಮೊದಲ ಮೂರು ತಿಂಗಳಲ್ಲಿ ತಗೊಳ್ಳಬಾರದು. ಫಿಟ್ಸ್ ಬಂದ ಇತಿಹಾಸ ಇದ್ದರೆ ತಾವಾಗಿ ಅಂಗಡಿಯಿಂದ ತಂದು ನುಂಗಬಾರದು. ಮೆದುಳಿನಲ್ಲಿ ಲಾಡಿಹುಳದ ಗಂಟು ಇದ್ದರೆ ಮದ್ದಿಗೆ ಅದು ಸಾಯುವಾಗ ಸುತ್ತ ಊತ ಎದ್ದು ಫಿಟ್ಸ್ ಮರುಕಳಿಸಬಹುದು.

ಮದ್ದು ತಗೊಂಡ ವಾರದಲ್ಲೇ ರಕ್ತ ಪರೀಕ್ಷೆ ಮಾಡಿಸಬೇಡಿ. ಸಾಯುವ ಹುಳದ ಚೂರುಗಳಿಗೆ ದೇಹ ಪ್ರತಿಕ್ರಿಯಿಸುವುದರಿಂದ ಕೆಲವರಲ್ಲಿ ಎಣಿಕೆ ಮೊದಲು ಏರುತ್ತದೆ. ಇಳಿಯಲು ವಾರಗಳಿಂದ ತಿಂಗಳುಗಳು ಬೇಕು. ಮಲವನ್ನು ಮೂರು ನಾಲ್ಕು ವಾರದ ಮೇಲೆ, ರಕ್ತವನ್ನು ಸುಮಾರು ಮೂರು ತಿಂಗಳಿಗೆ ಮತ್ತೆ ನೋಡಿ. ಆಗಲೂ ಇಳಿದಿಲ್ಲದಿದ್ದರೆ ಸ್ಟ್ರಾಂಜಿಲಾಯ್ಡಿಸ್, ಫೈಲೇರಿಯಾ, ಟಾಕ್ಸೊಕಾರ ಈ ಮೂರನ್ನೂ ಹೆಸರು ಹಿಡಿದು ಹುಡುಕಿಸಿ. ಎಣಿಕೆ 1,500ರ ಮೇಲೆ ಹಾಗೇ ನಿಂತು ಯಾವ ಹುಳವೂ ಸಿಗದಿದ್ದರೆ ರಕ್ತರೋಗ ತಜ್ಞರನ್ನು ನೋಡಬೇಕು. ಅಂಥವರಲ್ಲಿ ಇಯೋಸಿನೋಫಿಲ್‌ಗಳು ಹೃದಯದ ಒಳಪದರಕ್ಕೆ ಹಾನಿ ಮಾಡಬಹುದು, ಹಾಗಾಗಿ ಎಕೋ ಮಾಡಿಸಲು ಹೇಳುತ್ತಾರೆ. ಅಲ್ಲಿಗೆ ಹೋಗುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಕಿನ ಕ್ರಮದಲ್ಲಿ ಜೋಡಿಸಿ ತಗೊಂಡು ಹೋಗಿ. ಯಾವ ತಿಂಗಳು ಯಾವ ಮದ್ದು ತಗೊಂಡಿರಿ ಎಂದು ಪ್ರತಿಯೊಂದರ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ.